ಕಾವಲು ಬಿಟ್ಟು ಗಂಟೆ ಹಿಡಿದ ಗೋಪುರ

1864ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಜನ ಒಂದು ಗೋಪುರದ ಹಣೆಬರಹವನ್ನು ಮತಕ್ಕೆ ಹಾಕಿದರು. ಊರಿನ ಪಶ್ಚಿಮ ದಿಕ್ಕಿನ ಹೆಬ್ಬಾಗಿಲಾಗಿದ್ದ ಕ್ರಿಸ್ತೊಫೆಲ್ ಗೋಪುರಕ್ಕೆ ಆಗ ಐನೂರು ವರ್ಷ ದಾಟಿತ್ತು. ಅದರ ಮಗ್ಗುಲಲ್ಲೇ, ನಾಲ್ಕು ವರ್ಷದ ಹಿಂದೆಯಷ್ಟೇ ರೈಲು ನಿಲ್ದಾಣ ತೆರೆದಿತ್ತು. ಗೋಪುರ ದಾರಿಗೆ ಅಡ್ಡ ಎಂದು ಒಂದು ಪಕ್ಷ, ಅದು ಊರಿನ ಮುಖ ಎಂದು ಇನ್ನೊಂದು ಪಕ್ಷ. ಎಂಟುನೂರಕ್ಕೂ ಹೆಚ್ಚು ಮತಗಳು ಬಿದ್ದವು. ಎಣಿಸಿ ನೋಡಿದರೆ ಕೆಡವಬೇಕೆಂದವರದು ಬರೀ 4 ಮತ ಹೆಚ್ಚು. ಮರುವರ್ಷ ಗೋಪುರ ನೆಲಸಮವಾಯಿತು.

ಆದರೆ ಅದೇ ಬೀದಿಯಲ್ಲಿ ಪೂರ್ವಕ್ಕೆ ನಡೆಯುತ್ತ ಹೋದರೆ, ಕ್ರಿಸ್ತೊಫೆಲ್‌ಗಿಂತ ಮೊದಲು ಊರಬಾಗಿಲಾಗಿದ್ದ ಇನ್ನೂ ಎರಡು ಗೋಪುರಗಳು ಇವತ್ತಿಗೂ ರಸ್ತೆಯ ನಟ್ಟನಡುವೆ ನಿಂತಿವೆ. ಅವೂ ದಾರಿಗೆ ಅಡ್ಡವೇ. ಒಂದರ ಹೆಸರು ಕೇಫಿಗ್ ಗೋಪುರ. ಇನ್ನೊಂದು, ಎಲ್ಲಕ್ಕಿಂತ ಮೊದಲಿನದು, ತ್ಸಿಟ್‌ಗ್ಲೊಗೆ. ಕೊನೆಗೆ ಬಂದದ್ದು ಬಿದ್ದು ಮೊದಲು ಬಂದದ್ದು ಉಳಿದದ್ದು ಹೇಗೆ? ಕಲ್ಲಿನ ಗಟ್ಟಿತನದಿಂದಲ್ಲ. ಬಾಗಿಲು ಕಾಯುವ ಕೆಲಸ ಕೈತಪ್ಪಿದ ಮೇಲೆ ಯಾವ ಗೋಪುರಕ್ಕೆ ಬೇರೆ ಕೆಲಸ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದರಿಂದ ಎನ್ನುವುದು ನನ್ನ ಎಣಿಕೆ.

ಮೊದಲು ಊರಿನ ನೆಲ ನೋಡಬೇಕು. ಆರೆ ನದಿ ಇಲ್ಲಿ ಕುದುರೆಲಾಳದ ಹಾಗೆ ಬಾಗಿ, ಒಂದು ಉದ್ದನೆಯ ದಿಬ್ಬವನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ದಂಡೆ ಕಡಿದಾದದ್ದು, ನೀರು ಆಳದಲ್ಲಿ. 1191ರಲ್ಲಿ ತ್ಸೇರಿಂಗೆನ್ ವಂಶದ ಐದನೆಯ ಬೆರ್ತೋಲ್ಡ್ ಈ ದಿಬ್ಬದ ಮೇಲೆ ಬರ್ನ್ ಪಟ್ಟಣ ಕಟ್ಟಿಸಿದನೆಂದು ಪರಂಪರೆಯ ಮಾತು. ಉತ್ತರ, ಪೂರ್ವ, ದಕ್ಷಿಣಗಳನ್ನು ನದಿಯೇ ಕಾಯುತ್ತಿತ್ತು. ಶತ್ರು ಕಾಲಿಡಬಹುದಾದ ನೆಲ ಪಶ್ಚಿಮಕ್ಕೆ ಮಾತ್ರ. ಊರು ಬೆಳೆಯಲು ಜಾಗ ಇದ್ದದ್ದೂ ಅದೇ ಪಶ್ಚಿಮಕ್ಕೆ. ಹೀಗಾಗಿ ಬರ್ನ್ ಬೆಳೆದದ್ದೆಲ್ಲ ಒಂದೇ ದಿಕ್ಕಿಗೆ: ಅಡ್ಡಲಾಗಿ ಒಂದು ಗೋಡೆ, ಅದರ ಮುಂದೆ ಕಂದಕ, ನಡುವೆ ಬಾಗಿಲು. ಊರು ತುಂಬಿತೆಂದರೆ ಗೋಡೆಯಾಚೆ ಮನೆಗಳು ಏಳುತ್ತವೆ, ಅವುಗಳಾಚೆ ಮತ್ತೊಂದು ಗೋಡೆ, ಮತ್ತೊಂದು ಬಾಗಿಲು. 1220ರ ಹೊತ್ತಿಗೆ ಮೊದಲನೆಯದು, 1256ಕ್ಕೆ ಎರಡನೆಯದು, 1344ರಿಂದ 46ರೊಳಗೆ ಮೂರನೆಯದು. ಆ ಕಂದಕಗಳನ್ನು ಆಮೇಲೆ ಮುಚ್ಚಿದರು. ಇವತ್ತು ಬರ್ನ್‌ನ ಭೂಪಟದಲ್ಲಿ ಬೀದಿಗೆ ಅಡ್ಡವಾಗಿ ಸಾಲುಗಟ್ಟಿ ಬರುವ ಚೌಕಗಳಿವೆಯಲ್ಲ, ಕಾರ್ನ್‌ಹೌಸ್ ಚೌಕ, ಕ್ಯಾಸಿನೊ ಚೌಕ, ಅದರಾಚೆ ಬೇರೆನ್ ಚೌಕ, ಅವು ಬಿದ್ದಿರುವುದು ಆ ಹಳೆಯ ಕಂದಕಗಳ ಗೆರೆಯಲ್ಲೇ. ಕಾಫಿ ಕುಡಿಯುತ್ತ ಕೂತವರ ಕಾಲಡಿಯಲ್ಲಿ ಊರಿನ ಗಡಿ ಹೂತುಹೋಗಿದೆ.

ಮೊದಲ ಬಾಗಿಲಿನ ಗೋಪುರ ಎದ್ದದ್ದು 1218ರಿಂದ 1220ರ ನಡುವೆ. 1218ರಲ್ಲೇ ಬೆರ್ತೋಲ್ಡ್ ಮಕ್ಕಳಿಲ್ಲದೆ ತೀರಿಹೋಗಿ ಅವನ ವಂಶ ಮುಗಿದಿತ್ತು. ಬರ್ನ್ ಯಾವ ಪಾಳೆಯಗಾರನಿಗೂ ಸೇರದೆ ನೇರ ಸಾಮ್ರಾಟನ ಅಧೀನಕ್ಕೆ ಬಂದ ಪಟ್ಟಣವಾಯಿತು. ಇನ್ನು ತನ್ನ ಬಾಗಿಲನ್ನು ತಾನೇ ಕಾಯಬೇಕು. ಆಗಿನ ಗೋಪುರವನ್ನು ಈಗಿನದರ ಜೊತೆ ಹೋಲಿಸಿಕೊಳ್ಳಬಾರದು. ಕೇವಲ 16 ಮೀಟರ್ ಎತ್ತರದ ಮೊಂಡು ಕಟ್ಟಡ ಅದು. ಹೊರಗಿನ ಮೂರು ಕಡೆ ಗೋಡೆ, ಊರಿನ ಕಡೆಗೆ ಗೋಡೆಯೇ ಇಲ್ಲ. ಮಧ್ಯಯುಗದ ಯುರೋಪಿನಲ್ಲಿ ಇಂಥ ಬೆನ್ನಿಲ್ಲದ ಗೋಪುರಗಳು ಬಹಳ. ದುಡ್ಡು ಉಳಿಯಿತು ಎಂಬುದು ಒಂದು ಲಾಭ. ಇನ್ನೊಂದು ಲಾಭ ಯುದ್ಧಕ್ಕೆ ಸಂಬಂಧಿಸಿದ್ದು: ಶತ್ರು ಗೋಪುರವನ್ನು ಹಿಡಿದುಕೊಂಡರೂ ಒಳಗಿನವರ ಬಾಣಕ್ಕೆ ಅವನು ಬಟಾಬಯಲು, ಅಡಗಲು ಮರೆಯಿಲ್ಲ.

ಬಾಗಿಲಿನ ಈ ದರ್ಬಾರು ನಡೆದದ್ದು ಎಷ್ಟು ದಿನ? ನಲವತ್ತು ವರ್ಷವೂ ಇಲ್ಲ. ಸವಾಯ್ ಮನೆತನದ ಪೀಟರನ ಆಶ್ರಯದಲ್ಲಿ ಊರು ಪಶ್ಚಿಮಕ್ಕೆ ಜಿಗಿದು 1256ರ ಹೊತ್ತಿಗೆ ಕೇಫಿಗ್ ಗೋಪುರ ತಲೆಯೆತ್ತಿತು. ಮೊದಲ ಬಾಗಿಲು ಊರೊಳಗೆ ಸಿಕ್ಕಿಕೊಂಡು ಎರಡನೆಯ ಸಾಲಿನ ಕಾವಲಾಯಿತು. ಸುತ್ತ ಮನೆಗಳು ಎದ್ದು ಕಣ್ಣಿಗೆ ಅಡ್ಡ ಬಂದದ್ದರಿಂದ 1270ರ ದಶಕದ ಮೊದಲರ್ಧದಲ್ಲಿ ಅದನ್ನು 7 ಮೀಟರ್ ಎತ್ತರಿಸಿದರು. 1288ರ ಬೇಸಿಗೆಯಲ್ಲಿ ಹಬ್ಸ್‌ಬರ್ಗ್‌ನ ದೊರೆ ರುಡಾಲ್ಫ್ ಬರ್ನ್‌ಗೆ ಮುತ್ತಿಗೆ ಹಾಕಿ ಕೈಚೆಲ್ಲಿ ಹೋದಾಗ ಪಶ್ಚಿಮದಲ್ಲಿ ಮುಂಚೂಣಿಯಲ್ಲಿದ್ದದ್ದು ಎರಡನೆಯ ಬಾಗಿಲೇ. ಮುಂದೆ 1346ಕ್ಕೆ ಕ್ರಿಸ್ತೊಫೆಲ್ ಗೋಪುರ ಸಿದ್ಧವಾದ ಮೇಲಂತೂ ತ್ಸಿಟ್‌ಗ್ಲೊಗೆಗೆ ಕಾವಲಿನ ಲೆಕ್ಕದಲ್ಲಿ ಸ್ಥಾನವೇ ಉಳಿಯಲಿಲ್ಲ. ಆಗ ಅದರ ನಾಲ್ಕನೆಯ ಗೋಡೆ ಕಟ್ಟಿ ಮುಚ್ಚಿದರು. ಕಟ್ಟಡಕ್ಕೆ ಬೆನ್ನು ಬಂತು, ಸೆರೆಮನೆಯಾಗುವ ಯೋಗ್ಯತೆಯೂ ಬಂತು.

ಅದು ಹೆಂಗಸರ ಸೆರೆಮನೆ. ಅದರಲ್ಲೂ ಪಾದ್ರಿಗಳ ಜೊತೆ ಸಂಬಂಧ ಇಟ್ಟುಕೊಂಡರೆಂದು ಶಿಕ್ಷೆಯಾದ ಹೆಂಗಸರನ್ನು ಅಲ್ಲಿ ಕೂಡಿಹಾಕುತ್ತಿದ್ದರು. ಪಾದ್ರಿಗಳ ಕತೆ? ಅವರನ್ನು ವಿಚಾರಿಸುವ ಅಧಿಕಾರ ಇಗರ್ಜಿಯ ನ್ಯಾಯಾಲಯದ್ದು, ಊರಿನ ಸಭೆಯ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಕೈಗೆ ಸಿಕ್ಕಿದವಳನ್ನು ಗೋಪುರಕ್ಕೆ ಏರಿಸಿ ಊರು ತನ್ನ ಮರ್ಯಾದೆ ಕಾಪಾಡಿಕೊಂಡಿತು. 1528ರಲ್ಲಿ ಇದೇ ಬರ್ನ್ ಧರ್ಮಸುಧಾರಣೆಯನ್ನು ಒಪ್ಪಿಕೊಂಡು ಪಾದ್ರಿಗಳ ಮದುವೆಗೆ ಅಡ್ಡಿಯಿಲ್ಲ ಎಂದಿತು. ಆ ಹೆಂಗಸರ ಕಾಲಕ್ಕೆ ಆ ಮಾತು ಒದಗಲಿಲ್ಲ.

ಸೆರೆಮನೆಯನ್ನು ಮುಗಿಸಿದ್ದು ಬೆಂಕಿ. 1405ರ ಮೇ 14ರಂದು ಹತ್ತಿಕೊಂಡ ಬೆಂಕಿ ಊರಿನ ಸುಮಾರು 600 ಮನೆಗಳನ್ನು ಸುಟ್ಟಿತು, ನೂರಕ್ಕೂ ಹೆಚ್ಚು ಜನ ಸತ್ತರು. ಮನೆಗಳು ಬಹುಪಾಲು ಮರದವು. ಈ ಪೆಟ್ಟಿನ ನಂತರವೇ ಬರ್ನ್ ಮರವನ್ನು ಬಿಟ್ಟು, ಆ ಸೀಮೆಯ ಹಸಿರುಬೂದು ಮರಳುಗಲ್ಲಿಗೆ ತಿರುಗಿತು. ಇವತ್ತು ಪ್ರವಾಸಿಗಳು ಮಳೆ ತಾಗದಂತೆ ಕಿಲೋಮೀಟರುಗಟ್ಟಲೆ ನಡೆಯುವ ಕಮಾನಿನ ಪಡಸಾಲೆಗಳ ಊರು ರೂಪುಗೊಂಡದ್ದು ಹೀಗೆ. ತ್ಸಿಟ್‌ಗ್ಲೊಗೆಯ ಒಳಗೆಲ್ಲ ಉರಿದು ಬರೀ ಗೋಡೆ ಉಳಿಯಿತು. ಆ ಗೋಡೆಗಳಿಗೆ ಆಗ ಬಿದ್ದ ಪೆಟ್ಟು ಎಷ್ಟು ಆಳವಾದದ್ದೆಂದರೆ, ಅದರ ದುರಸ್ತಿ ಪೂರ್ತಿಯಾದದ್ದು 1983ರಲ್ಲಿ.

ಸೆರೆಯಾಳುಗಳನ್ನು ಕೇಫಿಗ್ ಗೋಪುರಕ್ಕೆ ಸಾಗಿಸಿದರು. ಖಾಲಿಯಾದ ಗೋಪುರಕ್ಕೆ ಊರಿನ ಸಭೆ ಒಂದು ಗಡಿಯಾರ ಕೊಟ್ಟಿತು, ಒಂದು ಗಂಟೆ ಕೊಟ್ಟಿತು. ಬೆಂಕಿ ಬಿದ್ದು ಐದೇ ತಿಂಗಳಿಗೆ, ಅದೇ 1405ರ ಅಕ್ಟೋಬರ್‌ನಲ್ಲಿ, ಆರಾವ್ ಊರಿನ ಯೋಹಾನ್ ರೇಬರ್ ಎಂಬ ಎರಕಗಾರ ಸುಮಾರು 1,400 ಕಿಲೋ ತೂಕದ ಗಂಟೆ ಎರೆದುಕೊಟ್ಟ. ಊರಿಗೆ ಊರೇ ಬೂದಿಯಾಗಿರುವಾಗ ಇಷ್ಟು ತುರ್ತಾಗಿ ಗಂಟೆ ಯಾಕೆ ಬೇಕಿತ್ತು ಎನಿಸಬಹುದು. ಮಧ್ಯಯುಗದ ಪಟ್ಟಣದಲ್ಲಿ ಗಂಟೆಯೆಂದರೆ ಅಲಂಕಾರವಲ್ಲ. ಸಂತೆ ತೆರೆಯಲು, ಸಭೆ ಸೇರಲು, ಕೂಲಿಯವನು ಕೆಲಸ ಬಿಡಲು, ರಾತ್ರಿ ದೀಪ ಆರಿಸಲು, ಮತ್ತೆ ಬೆಂಕಿ ಬಿದ್ದರೆ ಊರನ್ನು ಎಬ್ಬಿಸಲು ಎಲ್ಲಕ್ಕೂ ಅದೇ ಬೇಕು. ಕಾವಲುಗಾರನ ಕೋಣೆಯೂ ಈ ಗೋಪುರದಲ್ಲೇ ಇತ್ತು. ಆ ಗಂಟೆ ಈಗಲೂ ಅಲ್ಲೇ ಇದೆ, ಈಗಲೂ ಹೊಡೆಯುತ್ತದೆ.

ನೂರಿಪ್ಪತ್ತು ವರ್ಷಗಳ ಹೊತ್ತಿಗೆ ಮೊದಲ ಗಡಿಯಾರ ಹಳತಾಗಿ ಕೆಲಸಕ್ಕೆ ಬಾರದಾಯಿತು. ಹೊಸದನ್ನು ಕಟ್ಟುವ ಹೊಣೆ ಹೊತ್ತವನು ಕಾಸ್ಪರ್ ಬ್ರುನ್ನರ್. ಅವನ ಕಸುಬು ಬಂದೂಕು, ಬೀಗ, ಕಬ್ಬಿಣ. ಇದರಲ್ಲಿ ವಿಚಿತ್ರವೇನಿಲ್ಲ. ದೊಡ್ಡ ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಅರೆದು ಕೂರಿಸಬಲ್ಲವರು ಆಗ ಆಯುಧ ಮಾಡುವವರೇ. 1527ರಿಂದ 1530ರವರೆಗೆ ಅವನು ದುಡಿದು ಕೂರಿಸಿದ ಯಂತ್ರ ಒಂದು ಕೋಣೆಯನ್ನು ತುಂಬುವಂಥದ್ದು. ಬಡಿದು ಮಾಡಿದ ಕಬ್ಬಿಣದ ಚೌಕಟ್ಟು, ಅದರೊಳಗೆ ಐದು ಬೇರೆ ಬೇರೆ ಹಲ್ಲುಚಕ್ರಗಳ ಸಾಲು. ಒಂದು ಕಾಲವನ್ನು ನಡೆಸುತ್ತದೆ. ಉಳಿದವು ಕಾಲು ಗಂಟೆ ಬಾರಿಸಲು, ಪೂರ್ತಿ ಗಂಟೆ ಬಾರಿಸಲು, ಕರಡಿಗಳನ್ನು ಕುಣಿಸಲು, ಹುಂಜವನ್ನು ಕೂಗಿಸಲು. ಇಳಿಬಿದ್ದ ಭಾರದ ತೂಕಗಳೇ ಇದರ ಶಕ್ತಿ. ದಿನಕ್ಕೊಮ್ಮೆ ಅವನ್ನು ಮೇಲಕ್ಕೆ ಸುತ್ತಬೇಕು, ಇವತ್ತಿಗೂ ಕೈಯಿಂದಲೇ ಸುತ್ತುತ್ತಾರೆ.

ಬೀದಿಯಲ್ಲಿ ನಿಂತವರಿಗೆ ಕಾಣುವುದು ಗೋಪುರದ ಪೂರ್ವ ಮುಖದ ಆಟ. ಗಂಟೆಗೆ ಮೂರು ನಾಲ್ಕು ನಿಮಿಷ ಇರುವಾಗ ಹುಂಜ ರೆಕ್ಕೆ ಬಡಿದು ಕೂಗುತ್ತದೆ. ಅದರ ದನಿ ತಿದಿಯೊತ್ತಿ ಬರುವ ಗಾಳಿಯದು. ಕರಡಿಗಳ ಮೆರವಣಿಗೆ ಸುತ್ತು ಬರುತ್ತದೆ, ಕೆಲವು ಆಯುಧ ಹಿಡಿದಿವೆ, ಒಂದು ಕುದುರೆ ಹತ್ತಿದೆ. ಕರಡಿ ಬರ್ನ್‌ನ ಲಾಂಛನ, ಅದಿಲ್ಲದೆ ಅಲ್ಲಿ ಯಾವ ಉತ್ಸವವೂ ನಡೆಯದು. ಮೇಲೆ ಕೂತ ವಿದೂಷಕ ಹೊತ್ತಿಗೆ ಮೊದಲೇ ತನ್ನ ಗಂಟೆಗಳನ್ನು ಬಾರಿಸಿಬಿಡುತ್ತಾನೆ. ತಿಳಿಗೇಡಿಗೆ ಕಾಲದ ಲೆಕ್ಕವೆಲ್ಲಿಯದು ಎಂಬ ತಮಾಷೆ ಇರಬೇಕು. ಹುಂಜ ಮತ್ತೆ ಕೂಗಿದ ಮೇಲೆ ಗಡ್ಡದ ಕಾಲಪುರುಷ ಕ್ರೋನೊಸ್ ಮರಳುಗಡಿಯಾರವನ್ನು ತಿರುವಿ ಹಾಕುತ್ತಾನೆ. ಆಗ ಮಾತ್ರ, ಗೋಪುರದ ತುದಿಯ ಮಂಟಪದಲ್ಲಿ ಕವಚ ತೊಟ್ಟು ನಿಂತಿರುವ ಚಿನ್ನದ ಬಣ್ಣದ ಹಾನ್ಸ್ ಫಾನ್ ಥಾನ್ ಸುತ್ತಿಗೆ ಎತ್ತಿ ರೇಬರ್‌ನ ಗಂಟೆಗೆ ಬಡಿಯುತ್ತಾನೆ. ಪ್ರತಿ ಪೆಟ್ಟಿಗೂ ಕ್ರೋನೊಸ್ ಬಾಯಿ ತೆರೆದು ಎಣಿಸುತ್ತಾನೆ, ಪಕ್ಕದ ಸಿಂಹ ತಲೆ ಹೊರಳಿಸುತ್ತದೆ. ಕಡೆಗೆ ಹುಂಜದ ಮೂರನೆಯ ಕೂಗು.

ಆಟ ಮುಗಿದೊಡನೆ ಪ್ರವಾಸಿಗಳು ಫೋನು ಜೇಬಿಗಿಟ್ಟು ಹೊರಡುತ್ತಾರೆ. ಬೊಂಬೆಗಳ ಪಕ್ಕದಲ್ಲೇ ಇರುವ ದೊಡ್ಡ ತಟ್ಟೆಯನ್ನು ನಿಧಾನವಾಗಿ ಓದುವವರು ಕಡಿಮೆ. ಅದೊಂದು ಕಬ್ಬಿಣದ ಪಂಚಾಂಗ. ದಿನದ 24 ಗಂಟೆ, ವಾರ, ತಾರೀಖು, ಚಂದ್ರನ ವೃದ್ಧಿಕ್ಷಯ, ಸೂರ್ಯ ಇರುವ ರಾಶಿ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ತಟ್ಟೆಯ ಹಿನ್ನೆಲೆಯಲ್ಲಿ ಕಪ್ಪು ಬಣ್ಣದ್ದು ರಾತ್ರಿ, ತಿಳಿನೀಲಿ ಹಗಲು, ನಡುವಿನ ಗಾಢನೀಲಿ ಸಂಧ್ಯೆ. ಸೂರ್ಯನನ್ನು ಹೊತ್ತ ಮುಳ್ಳು ಇವುಗಳ ಮೇಲೆ ಚಲಿಸುವುದರಿಂದ ಸೂರ್ಯೋದಯ, ಸೂರ್ಯಾಸ್ತಗಳೂ ಕಾಣುತ್ತವೆ. ಕನ್ನಡದವರಿಗೆ ಇಲ್ಲೊಂದು ಸಣ್ಣ ಗಲಿಬಿಲಿ ಕಾದಿದೆ. ಈ ತಟ್ಟೆಯ ಸೂರ್ಯ ಮಕರಕ್ಕೆ ಕಾಲಿಡುವುದು ಡಿಸೆಂಬರ್ ಮೂರನೆಯ ವಾರದಲ್ಲಿ, ಹಗಲು ಅತಿ ಚಿಕ್ಕದಾದ ದಿನ. ನಮ್ಮ ಸಂಕ್ರಾಂತಿ ಜನವರಿ ಮಧ್ಯಕ್ಕೆ. ಅವರದು ಸಾಯನ, ನಮ್ಮದು ನಿರಯನ. ಅಯನದ ಲೆಕ್ಕ ಹಿಡಿಯುವವರು ಹೀಗೆ, ನಕ್ಷತ್ರದ ಲೆಕ್ಕ ಹಿಡಿಯುವವರು ಹಾಗೆ.

ಈ ಜಾಣ ಯಂತ್ರಕ್ಕೂ ಒಂದು ವಿಷಯ ಗೊತ್ತಿಲ್ಲ. ಅಧಿಕ ವರ್ಷದ ಫೆಬ್ರುವರಿ 29 ಅದರ ಚಕ್ರಗಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆ ದಿನ ಬಂದಾಗಲೆಲ್ಲ ಯಾರಾದರೂ ಮೇಲೆ ಹತ್ತಿ ತಾರೀಖನ್ನು ಕೈಯಿಂದ ಸರಿಪಡಿಸಬೇಕು.

ಗಡಿಯಾರ ಬಂದ ಮೇಲೆ ಗೋಪುರದ ಅಧಿಕಾರ ಬೆಳೆದ ಬಗೆಯೇ ನನಗೆ ಈ ಇತಿಹಾಸದ ತಿರುಳೆನಿಸುತ್ತದೆ. ಊರಿನ ಬೇರೆ ಗಡಿಯಾರಗಳನ್ನು ತಿದ್ದಿಕೊಳ್ಳುತ್ತಿದ್ದದ್ದು ಇದನ್ನು ನೋಡಿ. ಕಾಲದ ಹಿಂದೆ ಅಳತೆಯೂ ಬಂತು. ಬಾಗಿಲ ಕಮಾನಿನ ಒಳಗೋಡೆಯಲ್ಲಿ ಊರಿನ ಅಧಿಕೃತ ಅಳತೆಗೋಲುಗಳನ್ನು ಇಟ್ಟರು. ಮೊದಲು ಬಟ್ಟೆ ಅಳೆಯುವ ಮೊಳ, ಎರಡು ತೋಳಿನ ಮಾರು, ಈಗ ಒಂದು ಮೀಟರ್ ಮತ್ತು ಎರಡು ಮೀಟರ್. ಗೋಪುರದ ಎರಡೂ ಕಡೆ ಅಂಗಡಿಬೀದಿ. ಬಟ್ಟೆ ಕೊಂಡವನಿಗೆ ಅನುಮಾನ ಬಂದರೆ ಅಲ್ಲೇ ಅಳೆದು ನೋಡಬಹುದಿತ್ತು. ಆಮೇಲೆ ದೂರ. ಬರ್ನ್ ಪ್ರಾಂತ್ಯದ ರಸ್ತೆಗಳ ಬದಿಯಲ್ಲಿ ನೆಟ್ಟ ದಾರಿಗಲ್ಲುಗಳು ದೂರವನ್ನು ಹೇಳುತ್ತಿದ್ದದ್ದು ಗಂಟೆಗಳಲ್ಲಿ. ಒಂದು ಗಂಟೆಯ ದಾರಿ ಎಂದರೆ 18,000 ಬರ್ನ್ ಅಡಿ, ಇವತ್ತಿನ ಲೆಕ್ಕದಲ್ಲಿ ಸುಮಾರು 5.3 ಕಿಲೋಮೀಟರ್. ಯಾವ ಜಾಗದಿಂದ ಎಣಿಕೆ? ತ್ಸಿಟ್‌ಗ್ಲೊಗೆಯಿಂದ. ಅಂಥ ಕಲ್ಲುಗಳು ಅಲ್ಲಲ್ಲಿ ಇನ್ನೂ ಇವೆ. ಊರು ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಕಟ್ಟಿದ ಗೋಪುರ, ಪ್ರಾಂತ್ಯವೆಲ್ಲ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳತೊಡಗಿತು.

ಕೇಫಿಗ್ ಗೋಪುರದ ಕತೆ ಇಷ್ಟು ರಂಗಾಗಿಲ್ಲ. 1405ರಲ್ಲಿ ಸೆರೆಮನೆಯಾದದ್ದು 1897ರವರೆಗೂ ಸೆರೆಮನೆಯಾಗಿಯೇ ಉಳಿಯಿತು. ನಡುವೆ, 1640ರ ದಶಕದ ಆರಂಭದಲ್ಲಿ, ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಬಾಗಿಲಿನ ಅಗತ್ಯಕ್ಕಾಗಿ ಅಲ್ಲ, ಊರಿಗೆ ಸೆರೆಮನೆ ಬೇಕಿತ್ತು. ಈಗ ಅದು ರಾಜಕೀಯ ಚರ್ಚೆ, ಪ್ರದರ್ಶನಗಳ ಸಭಾಸ್ಥಾನ.

ಕ್ರಿಸ್ತೊಫೆಲ್‌ನ ದುರದೃಷ್ಟವೆಂದರೆ ಅದು ಕೊನೆಯವರೆಗೂ ಬಾಗಿಲಾಗಿಯೇ ಇದ್ದದ್ದು. ಅದಕ್ಕೆ ಆ ಹೆಸರು ಬಂದದ್ದು 15ನೇ ಶತಮಾನದ ಕೊನೆಗೆ ಊರಿನ ಕಡೆಯ ಗೂಡಿನಲ್ಲಿ ನಿಲ್ಲಿಸಿದ ಸಂತ ಕ್ರಿಸ್ಟೋಫರನ ಮರದ ಮೂರ್ತಿಯಿಂದ. ಹತ್ತಿರಹತ್ತಿರ 10 ಮೀಟರ್ ಎತ್ತರ. ಅವನ ಮುಖ ಕಂಡ ದಿನ ಅಪಮೃತ್ಯು ಇಲ್ಲವೆಂದು ಆಗಿನ ಯುರೋಪಿನ ಜನರ ನಂಬಿಕೆ, ಪ್ರಯಾಣ ಹೊರಟವರಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ? ಧರ್ಮಸುಧಾರಣೆ ಬಂದು ಸಂತರ ಪೂಜೆ ನಿಂತಾಗ ಬರ್ನ್‌ನವರು ಅವನನ್ನು ಒಡೆಯಲಿಲ್ಲ, ವೇಷ ಬದಲಿಸಿದರು. ಹೆಗಲ ಮೇಲಿದ್ದ ಬಾಲಯೇಸುವನ್ನು ಇಳಿಸಿ ಕೈಗೆ ಆಯುಧ ಕೊಟ್ಟರು. ಸಂತ ದೈತ್ಯ ಗೋಲಿಯಾತನಾದ. ಅವನೆದುರಿಗೆ ದಾವೀದನ ಕಾರಂಜಿಯೂ ಬಂತು. ಮೂರ್ತಿ ಹೀಗೆ ವೃತ್ತಿ ಬದಲಿಸಿಕೊಂಡು ಮುನ್ನೂರು ವರ್ಷ ದಾಟಿತು, ಗೋಪುರಕ್ಕೆ ಆ ಉಪಾಯ ಒದಗಲಿಲ್ಲ. 1798ರ ಮಾರ್ಚ್ 5ರಂದು ಫ್ರೆಂಚ್ ಸೇನೆ ಬರ್ನ್ ಪ್ರವೇಶಿಸಿದ ಮೇಲೆ ಕೋಟೆಬಾಗಿಲುಗಳ ಬೆಲೆ ಎಷ್ಟೆಂದು ಎಲ್ಲರಿಗೂ ತಿಳಿದುಹೋಗಿತ್ತು. 19ನೇ ಶತಮಾನದಲ್ಲಿ ಗೋಡೆ ಕೊತ್ತಲಗಳು ಒಂದೊಂದಾಗಿ ಹೋದವು. ಗೋಡೆಯೇ ಇಲ್ಲದ ಜಾಗದಲ್ಲಿ ಬಾಗಿಲು ಮಾತ್ರ ನಿಂತಿತ್ತು, ಪಕ್ಕದಲ್ಲಿ ರೈಲು ಕೂಗುತ್ತಿತ್ತು. ನಿಲ್ದಾಣ ಬೇರೆಲ್ಲಾದರೂ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ. ಗೋಪುರ ಕೆಡವಿದಾಗ ಮೂರ್ತಿಯನ್ನು ಸೀಳಿ ಬಡವರಿಗೆ ಸೌದೆಯಾಗಿ ಹಂಚಿದರು. ತಲೆ ಮುಂತಾದ ಕೆಲವು ಭಾಗ ಉಳಿದು ವಸ್ತುಸಂಗ್ರಹಾಲಯ ಸೇರಿದವು. ನಿಲ್ದಾಣದ ನೆಲದಡಿಯ ಹಾದಿಯಲ್ಲಿ ಗೋಪುರದ ತಳಪಾಯದ ಕಲ್ಲುಗಳನ್ನೂ ಆ ತಲೆಯ ಪ್ರತಿಕೃತಿಯನ್ನೂ ಇಟ್ಟಿದ್ದಾರೆ. ಇಂಟರ್‌ಲಾಕೆನ್‌ಗೆ ರೈಲು ಬದಲಿಸುವ ನಮ್ಮ ಕಡೆಯ ಪ್ರವಾಸಿಗಳು ಬಿಡುವಿದ್ದರೆ ಅಲ್ಲಿಗೊಮ್ಮೆ ಇಳಿದು ನೋಡಬಹುದು.

ತ್ಸಿಟ್‌ಗ್ಲೊಗೆಯ ಹೆಸರು ಲೋಕಕ್ಕೆಲ್ಲ ತಲುಪಿದ್ದು ಐನ್‌ಸ್ಟೈನ್‌ರಿಂದ. 1902ರಲ್ಲಿ ಬರ್ನ್‌ನ ಪೇಟೆಂಟ್ ಕಚೇರಿಗೆ ಸೇರಿದ ಅವರು 1903ರಿಂದ 1905ರವರೆಗೆ ಕ್ರಾಮ್‌ಗಾಸ್ಸೆ ಬೀದಿಯ 49ನೇ ಸಂಖ್ಯೆಯ ಮನೆಯಲ್ಲಿದ್ದರು. ಬಾಗಿಲಿಗೆ ಬಂದು ಪಶ್ಚಿಮಕ್ಕೆ ನೋಡಿದರೆ ಎದುರಿಗೇ ಗೋಪುರ. ಟ್ರಾಮ್‌ನಲ್ಲಿ ಕೂತು ಹಿಂದೆ ಸರಿಯುತ್ತಿದ್ದ ಈ ಗಡಿಯಾರವನ್ನು ನೋಡುತ್ತ, ಟ್ರಾಮ್ ಬೆಳಕಿನ ವೇಗದಲ್ಲಿ ಓಡಿದರೆ ಮುಳ್ಳುಗಳು ನಿಂತಂತೆ ಕಾಣುತ್ತವೆಯಲ್ಲ ಎಂದು ಅವರಿಗೆ ಹೊಳೆಯಿತಂತೆ, ಅಲ್ಲಿಂದ ಸಾಪೇಕ್ಷತೆ ಹುಟ್ಟಿತಂತೆ. ಜನಪ್ರಿಯ ಪುಸ್ತಕಗಳ ಈ ಕತೆಯನ್ನು ನಾನು ನೆಚ್ಚುವುದಿಲ್ಲ. ಬೆಳಕಿನ ಕಿರಣದ ಬೆನ್ನು ಹತ್ತಿ ಓಡಿದರೆ ಏನು ಕಾಣುತ್ತದೆ ಎಂಬ ಪ್ರಶ್ನೆ ತಮ್ಮ ಹದಿನಾರನೆಯ ವಯಸ್ಸಿನದು ಎಂದು ಐನ್‌ಸ್ಟೈನ್ ಅವರೇ ಬರೆದುಕೊಂಡಿದ್ದಾರೆ. ಆಗ ಅವರು ಓದುತ್ತಿದ್ದದ್ದು ಆರಾವ್‌ನಲ್ಲಿ, ಗಂಟೆ ಎರೆದ ರೇಬರ್‌ನ ಊರು. 1905ರ ಲೇಖನದಲ್ಲಿ ಬರುವ ಉದಾಹರಣೆ ಏಳು ಗಂಟೆಗೆ ಬಂದು ನಿಲ್ಲುವ ಒಂದು ರೈಲು ಮತ್ತು ಕೈಗಡಿಯಾರದ ಮುಳ್ಳಿನದು, ಗೋಪುರದ್ದಲ್ಲ. ಲೇಖನ ಅಚ್ಚಿಗೆ ಹೋಗುವಷ್ಟರಲ್ಲಿ ಅವರು ಮನೆಯನ್ನೂ ಬದಲಿಸಿದ್ದರು. ಗೋಪುರದ ಅಧಿಕಾರವೂ ಆ ವೇಳೆಗೆ ಕರಗಿತ್ತು. 1853ರಿಂದ ಸ್ವಿಟ್ಜರ್‌ಲೆಂಡಿನ ತಂತಿ ವ್ಯವಸ್ಥೆ ಬರ್ನ್ ಕಾಲವನ್ನು ಪಾಲಿಸುತ್ತಿತ್ತಾದರೂ ಅದು ಖಗೋಳ ವೀಕ್ಷಣಾಲಯ ಲೆಕ್ಕ ಹಾಕಿ ತಂತಿಯಲ್ಲಿ ಕಳಿಸಿದ ಕಾಲ. 1894ರಲ್ಲಿ ಅದನ್ನೂ ಬಿಟ್ಟು ದೇಶ ಮಧ್ಯ ಯುರೋಪಿನ ಕಾಲಕ್ಕೆ ಸೇರಿತು.

ಈಗಿನ ಗೋಪುರ ತುದಿಯವರೆಗೆ 54.5 ಮೀಟರ್. ಅದರ ಮೈಮೇಲಿನ ಬಣ್ಣವನ್ನು ಶತಮಾನಕ್ಕೊಮ್ಮೆ ಯಾರೋ ಬದಲಿಸುತ್ತಲೇ ಬಂದಿದ್ದಾರೆ. ಮೂಲೆಗಳಲ್ಲಿದ್ದ ನಾಲ್ಕು ಪುಟ್ಟ ಗೋಪುರಗಳು 17ನೇ ಶತಮಾನದ ಆರಂಭದ ಹೊತ್ತಿಗೆ ಹೋಗಿದ್ದವು. ದೊಡ್ಡ ಗಡಿಯಾರದ ಮುಖಗಳು 1607ರಿಂದ 1610ರ ನಡುವೆ ಬಂದವು. ಪಶ್ಚಿಮ ಗೋಡೆಯ ಕಾಲಾರಂಭದ ಚಿತ್ರವನ್ನು ವಿಕ್ಟರ್ ಸುರ್ಬೆಕ್ ಬರೆದದ್ದು 1930ರ ಸುಮಾರಿಗೆ. 1983ರ ಜೀರ್ಣೋದ್ಧಾರದಲ್ಲಿ ಬಹುಮಟ್ಟಿಗೆ 1770ರ ರೂಪವನ್ನು ಮರಳಿ ತಂದರು, ಅದೇ ವರ್ಷ ಬರ್ನ್‌ನ ಹಳೆಯ ಊರು ಯುನೆಸ್ಕೊ ಪಟ್ಟಿಗೆ ಸೇರಿತು.

ನೋಡಲು ಹೋಗುವವರು ಗಂಟೆಗೆ ಐದು ನಿಮಿಷ ಮೊದಲೇ ಕ್ರಾಮ್‌ಗಾಸ್ಸೆಯ ಕಡೆ ನಿಲ್ಲುವುದು ಒಳ್ಳೆಯದು. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಹಾನ್ಸ್‌ನ ಪೆಟ್ಟುಗಳು ಹೆಚ್ಚು, ನೂಕುನುಗ್ಗಲೂ ಹೆಚ್ಚು. ಆಮೇಲೆ ಕಮಾನಿನೊಳಗೆ ನುಗ್ಗಿ ಗೋಡೆಯ ಮೇಲಿನ ಮೀಟರ್ ಪಟ್ಟಿಯನ್ನು ಮರೆಯದೆ ನೋಡಿ.